ಒಡಲು ಮೊದಲು, ತಲೆಕಟ್ಟು ಆಮೇಲೆ: ಹಾನಗಲ್ಲ ಸೀಮೆಯಲ್ಲಿ ಅಕ್ಷರ ತಿದ್ದಿದ ಚರಿತ್ರೆ

ಕನ್ನಡ ಅಕ್ಷರದ ಒಡಲನ್ನು ಮೊದಲು ಬರೆದು ತಲೆಕಟ್ಟನ್ನು ಕೊನೆಗೆ ಹಾಕುವುದು ಹಳೆಯ ರೂಢಿ. ಅದಕ್ಕೆ ಕಾರಣ ಲಿಪಿಯ ಕಟ್ಟಿನಲ್ಲೇ ಇದೆ. ಕನ್ನಡದಲ್ಲಿ ವ್ಯಂಜನದ ಗುರುತು ಒಡಲಿನಲ್ಲಿದ್ದರೆ ಸ್ವರದ ಗುರುತು ಬಹುಪಾಲು ನೆತ್ತಿಯಲ್ಲಿ. ‘ಕ’ಕಾರದ ತಲೆಕಟ್ಟಿನ ಜಾಗದಲ್ಲಿ ಗುಡಿಸು ಬಂದರೆ ‘ಕಿ’, ಏತ್ವ ಬಂದರೆ ‘ಕೆ’, ಇಳಿ ಬಂದರೆ ‘ಕಾ’. ಒಡಲು ಮಾತ್ರ ಮೂರರಲ್ಲೂ ಒಂದೇ. ತಲೆಕಟ್ಟನ್ನೇ ಮೊದಲು ಎಳೆದುಬಿಟ್ಟ ಮಗು ‘ಕಿ’ ಬರೆಯುವ ಹೊತ್ತಿಗೆ ಅದನ್ನು ಅಳಿಸಬೇಕಾಗುತ್ತದೆ. ಹೀಗಾಗಿ ಗೆರೆಗಳ ಕ್ರಮ ಬರೀ ಅಂದದ ಮಾತಲ್ಲ, ಕಾಗುಣಿತದ ಲೆಕ್ಕವೂ ಹೌದು.

ಚೀನೀ ಲಿಪಿಯಲ್ಲಿ ಈ ಕ್ರಮವನ್ನು ಸರ್ಕಾರವೇ ಗೊತ್ತುಪಡಿಸಿದೆ. ಮೇಲಿನ ಗೆರೆ ಮೊದಲು, ಎಡಗಡೆಯದು ಮೊದಲು, ಅಡ್ಡಗೆರೆಯ ಬೆನ್ನಿಗೆ ಉದ್ದಗೆರೆ. ಸುತ್ತು ಚೌಕಟ್ಟಿದ್ದರೆ ಒಳಗಿನದನ್ನು ಬರೆದ ಮೇಲೆಯೇ ಕೆಳಗಿನ ಗೆರೆ ಎಳೆದು ಮುಚ್ಚಬೇಕು. ಜಪಾನಿನ ಶಿಕ್ಷಣ ಇಲಾಖೆ 1958ರಲ್ಲಿ 881 ಅಕ್ಷರಗಳಿಗೆ ಕೈಪಿಡಿ ತಂದಿತು. ಚೀನಾ 1997ರಲ್ಲಿ 7,000 ಅಕ್ಷರಗಳ ಗೆರೆಕ್ರಮವನ್ನು ಪ್ರಕಟಿಸಿತು. ಕನ್ನಡದಲ್ಲಿ ಆ ಕೆಲಸವನ್ನು ಬಹುಕಾಲ ಮಾಡಿದ್ದು ಹಳೆಯ ಸಾಲಿಯ ಐಗಳ, ಹೊಸ ಸಾಲಿಯ ಮಾಸ್ತರರ ಬೆರಳು. ಮಗುವಿನ ಕೈ ಹಿಡಿದು ತಿದ್ದಿಸುವಾಗ ಬೆರಳು ಯಾವ ಕಡೆ ಹೊರಳಿತೋ ಅದೇ ಕ್ರಮ. ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಆ ಬೆರಳಿನ ಚರಿತ್ರೆ ಸರಳವಾಗಿಲ್ಲ. ಇಲ್ಲಿ ಕಲ್ಲು, ಓಲೆ, ಉಸುಕು, ಕಾಗದ, ಪಾಟಿ ಒಂದೊಂದೂ ಕೈಯನ್ನು ತನ್ನ ತನ್ನ ರೀತಿಯಲ್ಲಿ ಪಳಗಿಸಿದವು. ಮೇಲಾಗಿ, ನಾಲ್ಕು ಬಗೆಯ ಬರಹಗಳು ಕೆಲವೇ ಹರದಾರಿಗಳ ಅಂತರದಲ್ಲಿ ಒಟ್ಟಿಗೆ ಬಾಳಿದವು.

ಕಲ್ಲಿನ ಬರಹದಲ್ಲಿ ಬರೆಯುವ ಕೈ ಬೇರೆ, ಕೆತ್ತುವ ಕೈ ಬೇರೆ. ಶಾಸನಗಳ ಕೊನೆಯಲ್ಲಿ ಪಾಠ ರಚಿಸಿದವನ ಹೆಸರೂ ಕಂಡರಿಸಿದ ರೂವಾರಿಯ ಹೆಸರೂ ಅನೇಕ ಕಡೆ ಪ್ರತ್ಯೇಕವಾಗಿ ಬರುತ್ತವೆ. ಹಿರೇಕೆರೂರು ತಾಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನವಿದೆ. ಹಾನಗಲ್ಲ ಕದಂಬರ ಕಾಮದೇವನ ಕಾಲದ್ದು, ಅಂದರೆ ಸುಮಾರು 1200ರದ್ದು. ಅದೇ ಕಥೆಯನ್ನು ಗುಡಿಯಲ್ಲಿ ಶಿಲ್ಪವಾಗಿಯೂ ಬಿಡಿಸಿ, ಚಿತ್ರಗಳಿಗೆ ಚಿಕ್ಕ ಚಿಕ್ಕ ಬರಹ ಕೆತ್ತಿದ್ದಾರೆ. ಶಾಸನ ವಿದ್ವಾಂಸ ಜೆ. ಎಫ್. ಫ್ಲೀಟ್ ಈ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಲ್ಲಿನ ಮೇಲೆ ಗೆರೆಕ್ರಮವನ್ನು ಓದುವುದು ಕಷ್ಟ; ಉಳಿಯ ಏಟಿಗೆ ಮೊದಲು ಕೊನೆ ಎಂಬುದಿಲ್ಲ. ಆದರೂ ಆ ಕಾಲದ ತಲೆಕಟ್ಟು ಒಡಲಿನ ಮೇಲೆ ಅಡ್ಡಲಾಗಿ, ಬೇರೆಯದೇ ಗೆರೆಯಾಗಿ ಕೂತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಇಂದಿನ ಕೊಕ್ಕೆಯ ಆಕಾರ ಅದಕ್ಕೆ ಆಮೇಲೆ ಬಂತು.

ಓಲೆಗರಿ ಬರೆಯುವವನನ್ನು ಹೆಚ್ಚು ಕಟ್ಟಿಹಾಕಿತು. ಗರಿಯ ನಾರು ಉದ್ದಕ್ಕೆ ಹರಿದಿರುತ್ತದೆ. ಕಬ್ಬಿಣದ ಕಂಟದಿಂದ ನಾರಿನ ಗುಂಟ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ. ಗೆರೆ ಬಾಗಬೇಕು, ನಾರನ್ನು ಓರೆಯಾಗಿ ದಾಟಬೇಕು. ದಕ್ಷಿಣದ ಲಿಪಿಗಳ ದುಂಡುತನಕ್ಕೆ ಇದೇ ಪೂರ್ತಿ ಕಾರಣ ಎನ್ನುವುದು ಆತುರದ ಮಾತು, ಏಕೆಂದರೆ ಕಲ್ಲಿನ ಮೇಲೂ ಅಕ್ಷರ ದುಂಡಗಾಗುತ್ತಲೇ ಇತ್ತು. ಆದರೂ ಕಾರಣಗಳಲ್ಲಿ ಇದೂ ಒಂದು ಎಂಬುದರಲ್ಲಿ ಅನುಮಾನವಿಲ್ಲ. ಬರೆಯುವವನು ಗರಿಯನ್ನು ಎಡಗೈಯಲ್ಲಿ ಹಿಡಿದು, ಕಂಟಕ್ಕೆ ಎಡ ಹೆಬ್ಬೆರಳಿನ ಆಸರೆ ಕೊಟ್ಟು, ಗರಿಯನ್ನು ಎಡಕ್ಕೆ ಸರಿಸುತ್ತ ಹೋಗುತ್ತಾನೆ. ಬಲಗೈ ಇದ್ದಲ್ಲಿಂದ ಹೆಚ್ಚು ಅಲುಗುವುದಿಲ್ಲ. ಬರೆದಾದ ಮೇಲೆ ಮಸಿ ಒರೆಸಿದಾಗಲೇ ಅಕ್ಷರ ಕಾಣುವುದು. ಆದ್ದರಿಂದ ಬರೆಯುವಾಗ ಕಣ್ಣಿಗಿಂತ ಕೈಯ ನೆನಪಿನ ಮೇಲೆಯೇ ಹೆಚ್ಚು ಭಾರ. ಗೆರೆಕ್ರಮ ಪಕ್ಕಾ ಇಲ್ಲದವನಿಗೆ ಓಲೆ ಬರೆಯುವುದು ಆಗದ ಕೆಲಸ.

ಈ ಸೀಮೆಯಲ್ಲಿ ಓಲೆಗರಿಯ ಕಾಲ ಬಹಳ ದೀರ್ಘ. ಶಿಗ್ಗಾವಿ ತಾಲೂಕಿನ ಬಂಕಾಪುರ ರಾಷ್ಟ್ರಕೂಟರ ಕಾಲಕ್ಕೇ ಜೈನ ವಿದ್ಯೆಯ ನೆಲೆ. ಗುಣಭದ್ರ ಪೂರೈಸಿದ ಉತ್ತರಪುರಾಣಕ್ಕೆ ಅಲ್ಲಿ ಲೋಕಾದಿತ್ಯನ ಆಳ್ವಿಕೆಯಲ್ಲಿ 898ರಲ್ಲಿ ಪೂಜೆ ನಡೆಯಿತು. ಇನ್ನೊಂದು ತುದಿಯಲ್ಲಿ ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು (1867–1930) ಬರುತ್ತಾರೆ. 1909ರಲ್ಲಿ ಬದಾಮಿಯ ಹತ್ತಿರ ಶಿವಯೋಗಮಂದಿರವನ್ನು ಕಟ್ಟಿದ ಅವರು ಊರೂರಿನ ತಾಡೋಲೆ ಕಟ್ಟುಗಳನ್ನು ಅಲ್ಲಿಗೆ ತರಿಸಿ ಕೂಡಿಸಿದರು. ಓಲೆ ಬರೆಯುವ ಕೈಗಳು ಅಷ್ಟರಲ್ಲಿ ಕಡಿಮೆಯಾಗಿದ್ದವು, ಓಲೆಗಳು ಮಾತ್ರ ಮನೆಗಳ ಅಟ್ಟದಲ್ಲಿ ಉಳಿದಿದ್ದವು.

ಮಗುವಿನ ಕೈ ಮೊದಲು ಇಳಿಯುತ್ತಿದ್ದುದು ಓಲೆಗಲ್ಲ, ನೆಲಕ್ಕೆ. ಚೀನಾದ ಯಾತ್ರಿಕ ಇತ್ಸಿಂಗ್ ಏಳನೆಯ ಶತಮಾನದ ಕೊನೆಗೆ ಬರೆದಂತೆ, ಭಾರತದ ಮಕ್ಕಳು ಆರನೆಯ ವಯಸ್ಸಿನಲ್ಲಿ ‘ಸಿದ್ಧಂ’ ಎಂಬ ಮೊದಲ ಪಾಠ ಹಿಡಿದು, 49 ಅಕ್ಷರಗಳನ್ನೂ ಅವುಗಳ ಕೂಡಿಕೆಗಳನ್ನೂ ಆರು ತಿಂಗಳಲ್ಲಿ ಮುಗಿಸುತ್ತಿದ್ದರು. ‘ಓಂ ನಮಃ’ದಿಂದ ಹೊರಡುವ ಕನ್ನಡದ ಓನಾಮ ಆ ಬಳ್ಳಿಯದೇ ಕುಡಿ. ಗಾವಟಿ ಸಾಲಿಗಳಲ್ಲಿ, ಐಗಳ ಮಠಗಳಲ್ಲಿ ಇದು 19ನೆಯ ಶತಮಾನದವರೆಗೂ ನಡೆದುಬಂತು.

ಅದು ಹೇಗೆ ನಡೆಯುತ್ತಿತ್ತು ಎಂಬುದರ ಬಲು ವಿವರವಾದ ಬರಹವೊಂದು ನೆರೆಯ ಬಳ್ಳಾರಿಯಿಂದ ಸಿಕ್ಕಿದೆ. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಮದ್ರಾಸಿಗೆ ಕಳಿಸಿದ ವರದಿ ಅದು. ಅವರ ಜಿಲ್ಲೆಯಲ್ಲಿ ಆಗ 533 ಸಾಲಿಗಳು, 6,641 ಮಕ್ಕಳು; ಕನ್ನಡ ಸಾಲಿಗಳು 235, ತೆಲುಗು 226, ಪಾರಸಿ 21. ಐದನೆಯ ವರ್ಷಕ್ಕೆ ಮಗುವನ್ನು ಗಣಪತಿಯ ಮುಂದೆ ಕೂಡಿಸಿ, ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ನಾಮ ಬರೆಸುತ್ತಿದ್ದರು. ಮರುದಿನದಿಂದ ಉಸುಕು. ಯುರೋಪಿನ ಮಕ್ಕಳಂತೆ ಅಕ್ಷರದ ಹೆಸರನ್ನು ಬಾಯಿಪಾಠ ಮಾಡಿಸದೆ, ಉಸುಕಿನಲ್ಲಿ ಬೆರಳಿಂದ ಬರೆಸುತ್ತಲೇ ಅಕ್ಷರ ಕಲಿಸುತ್ತಾರೆ ಎಂಬುದನ್ನು ಕ್ಯಾಂಪ್‌ಬೆಲ್ ಎತ್ತಿ ಹೇಳಿದ್ದಾರೆ. ಇಲ್ಲಿ ಕೈ ಮುಂದೆ, ಬಾಯಿ ಅದರ ಹಿಂದೆ.

ಉಸುಕಿಗೂ ತನ್ನದೇ ಕಟ್ಟಳೆ ಉಂಟು. ಬೆರಳು ಹೋದಲ್ಲಿ ಹರಳು ಎರಡೂ ಬದಿಗೆ ಸರಿದು ದಡ ಕಟ್ಟುತ್ತದೆ. ಆ ದಡವನ್ನು ದಾಟಿ ಇನ್ನೊಂದು ಗೆರೆ ಎಳೆದರೆ ಮೊದಲಿನದು ಅರ್ಧ ಮುಚ್ಚುತ್ತದೆ. ಬೆರಳೆತ್ತದೆ ಒಂದೇ ಓಟದಲ್ಲಿ ಒಡಲನ್ನು ಮುಗಿಸಿ, ತಾಗಿಯೂ ತಾಗದಂತೆ ತಲೆಕಟ್ಟು ಇಡುವವನ ಅಕ್ಷರವೇ ಅಲ್ಲಿ ನಿಲ್ಲುವುದು. ಅಂಗೈ ಅಗಲದ ಅಕ್ಷರ ಬರೆಯುವಾಗ ಮಣಿಕಟ್ಟು, ಮೊಣಕೈ ಎರಡೂ ತಿರುಗಬೇಕು. ಪಾಟಿಯ ಮೇಲಿನ ಪುಟ್ಟ ಅಕ್ಷರಕ್ಕೆ ಆ ವ್ಯಾಯಾಮ ಇಲ್ಲ. ಉಸುಕಿನ ಬರಹ ಬಡ ಸಾಲಿಗಳ ಅನಿವಾರ್ಯ ಎಂದು ಮೂಗು ಮುರಿಯುವವರು ಒಂದು ಸಂಗತಿಯನ್ನು ನೆನಪಿಡಬೇಕು: ಮದ್ರಾಸಿನ ಅನಾಥ ಗಂಡುಮಕ್ಕಳ ಶಾಲೆಯಲ್ಲಿದ್ದ ಆಂಡ್ರ್ಯೂ ಬೆಲ್ ಇದನ್ನು ದೇಶೀ ಸಾಲಿಯೊಂದರಲ್ಲಿ ಕಂಡು, ತನ್ನ ಶಾಲೆಯಲ್ಲಿ ಅಳವಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿದರು. ಸ್ವಲ್ಪ ಕಾಲದಲ್ಲೇ ಜೋಸೆಫ್ ಲ್ಯಾಂಕಾಸ್ಟರರ ಶಾಲೆಯಲ್ಲಿ ಲಂಡನ್ನಿನ ಬಡಮಕ್ಕಳೂ ಉಸುಕಿನ ಮೇಜಿನ ಮೇಲೆ ಇಂಗ್ಲಿಷ್ ಅಕ್ಷರ ತಿದ್ದಿದರು.

ಉಸುಕಿನಲ್ಲಿ ಕೈ ಕುದುರಿದ ಹುಡುಗನಿಗೆ ಹಲಿಗೆ ಅಥವಾ ಕಡತ. ಹಲಿಗೆ ಎಂದರೆ ಸುಮಾರು ಮೂರು ಅಡಿ ಉದ್ದ, ಒಂದು ಅಡಿ ಅಗಲದ ನುಣ್ಣನೆಯ ಹಲಗೆ. ಅದಕ್ಕೆ ಅನ್ನದ ಗಂಜಿಯೂ ಇದ್ದಿಲ ಪುಡಿಯೂ ಸೇರಿದ ಲೇಪ. ಕಡತ ಬಟ್ಟೆಯದು. ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಚಿ, ಇದ್ದಿಲು ಮತ್ತು ಅಂಟುಗಳ ಕಪ್ಪು ಬಳಿಯುತ್ತಿದ್ದರು. ಬರೆಯುವುದು ಬಿಳಿಯ ಬಳಪದಿಂದ, ಒರೆಸುವುದು ಒದ್ದೆ ಅರಿವೆಯಿಂದ. ಮಠಗಳೂ ವ್ಯಾಪಾರಸ್ಥರೂ ಲೆಕ್ಕಪತ್ರಕ್ಕೆ ಇದೇ ಕಡತವನ್ನು ಬಳಸುತ್ತಿದ್ದುದರಿಂದ ಸಾಲಿಯಲ್ಲಿ ಕಲಿತ ಕೈ ನೇರ ಅಂಗಡಿಯ ಗಾದಿಗೆ ಹೋಗಿ ಕೂಡಬಹುದಿತ್ತು. ಮುಂದುವರಿದ ಹುಡುಗರೇ ಚಿಕ್ಕವರಿಗೆ ತಿದ್ದಿಸುತ್ತಿದ್ದರು. ಹೀಗೆ ಒಬ್ಬ ಐಗಳ ಗೆರೆಕ್ರಮ ಇಡೀ ಊರಿನ ಕೈಬರಹವಾಗುತ್ತಿತ್ತು.

ಗೆರೆಗಳ ಹೆಸರುಗಳನ್ನು ಕಲಿಸುವ ಕೆಲಸ ಕಾಗುಣಿತದ್ದು. ಕ-ತಲೆಕಟ್ಟು ಕ, ಕ-ಇಳಿ ಕಾ, ಕ-ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕೊಂಬು ಕು, ವಟ್ರಸುಳಿ ಕೃ, ಏತ್ವ ಕೆ ಎಂದು ರಾಗವಾಗಿ ಒದರುವ ಮಗು ಧ್ವನಿಯನ್ನಷ್ಟೇ ಹೇಳುತ್ತಿಲ್ಲ, ಕೈ ಮಾಡಬೇಕಾದ ಚಲನೆಯನ್ನೂ ಹೇಳಿಕೊಳ್ಳುತ್ತಿದೆ. ಮೊದಲು ಒಡಲಿನ ಹೆಸರು, ಆಮೇಲೆ ಅದಕ್ಕೆ ಸೇರುವ ಗೆರೆಯ ಹೆಸರು, ಕೊನೆಗೆ ಎರಡೂ ಕೂಡಿದ ನಾದ. ಚೀನೀ ಮಕ್ಕಳಿಗೆ ಅಡ್ಡಗೆರೆ, ಉದ್ದಗೆರೆ, ಬೀಸು, ಚುಕ್ಕೆಗಳಿಗೆ ಹೆಸರು ಕಲಿಸುವ ಪಾಠ ಇದಕ್ಕೆ ಸಮೀಪದ್ದು, ಆದರೆ ಅಲ್ಲಿನ ಗೆರೆಯ ಹೆಸರಿಗೆ ನಾದದ ನಂಟಿಲ್ಲ. ಮಹಾಪ್ರಾಣಕ್ಕೂ ಮಾಸ್ತರರ ಮಾತು ಹೀಗೆಯೇ: ‘ದ’ದ ಹೊಟ್ಟೆ ಸೀಳಿದರೆ ‘ಧ’, ಚುಕ್ಕೆ ಇಟ್ಟರೆ ‘ಥ’. ಸೀಳು ಯಾವಾಗಲೂ ಒಡಲು ಮುಗಿದ ಮೇಲೆ.

ಈ ಕ್ರಮದಲ್ಲಿ ಒಂದು ಕಡೆ ಮಾತ್ರ ನಾಲಿಗೆಗೂ ಕೈಗೂ ಜಗಳ. ‘ಕರ್ಮ’ ಎನ್ನುವಾಗ ರಕಾರ ಮಕಾರಕ್ಕಿಂತ ಮೊದಲು ಕೇಳಿಸುತ್ತದೆ. ಬರೆಯುವಾಗ ‘ಮ’ ಮೊದಲು, ಅದರ ಬಲಕ್ಕೆ ಅರ್ಕಾವೊತ್ತು ಆಮೇಲೆ. ಉಕ್ತಲೇಖನದಲ್ಲಿ ಮಕ್ಕಳು ಎಡವುವ ಜಾಗ ಇದು.

ಇತ್ತ ದಫ್ತರದ ಬರಹವೇ ಬೇರೆ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯ ಸವಣೂರಿಗೆ ಮುತ್ತಿಗೆ ಹಾಕಿದ. ಅದಾದ ಮೇಲೆ ನವಾಬರ ಸೀಮೆ ಕರಗುತ್ತ ಹೋಯಿತು. ನಡುವೆ ಹೈದರ್, ಟೀಪು ಬಂದು ಹೋದರು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯುವ ಹೊತ್ತಿಗೆ ಕನ್ನಡ ಮಾತಾಡುವ ಹಳ್ಳಿಗಳಲ್ಲೂ ಕುಲಕರ್ಣಿಯ ಲೆಕ್ಕ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಬೇರೂರಿತ್ತು. ಮೋಡಿಯ ಗೆರೆಕ್ರಮ ಕನ್ನಡಕ್ಕೆ ತಲೆಕೆಳಗು. ಕಾಗದದ ಈ ಅಂಚಿನಿಂದ ಆ ಅಂಚಿಗೆ ಶಿರೋರೇಖೆಯನ್ನು ಮೊದಲೇ ಎಳೆದು, ಆಮೇಲೆ ಲೇಖಣಿಕೆ ಎತ್ತದೆ ಅಕ್ಷರಗಳನ್ನು ಅದರ ಕೆಳಗೆ ಓಡಿಸುವುದು. ಅಲ್ಲಿ ತಲೆಗೆರೆಗೆ ಸ್ವರದ ಹೊಣೆ ಇಲ್ಲ, ಹಾಗಾಗಿ ಅದು ಮೊದಲೇ ಬಂದರೂ ತೊಡಕಿಲ್ಲ. ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವನ್ನೂ ಮೋಡಿ ಬಿಟ್ಟುಕೊಟ್ಟಿತ್ತು, ಬರವಣಿಗೆಯ ವೇಗ ಅದಕ್ಕೆ ಮುಖ್ಯ. ಅದೇ ಮರಾಠಿಯನ್ನು ಬಾಳಬೋಧದಲ್ಲಿ, ಅಂದರೆ ನಾಗರಿಯಲ್ಲಿ ಬರೆಯುವಾಗ ಕ್ರಮ ಮತ್ತೆ ಬದಲು: ಶಬ್ದದ ಅಕ್ಷರಗಳನ್ನೆಲ್ಲ ಬರೆದು ಕೊನೆಗೆ ತಲೆಗೆರೆ.

ಸವಣೂರಿನ ನವಾಬರ ಆಸ್ಥಾನದ ಪಾರಸಿ, ಉರ್ದು ಬರಹ ಬಲದಿಂದ ಎಡಕ್ಕೆ ಇಳಿಯುತ್ತದೆ. ನಸ್ತಾಲೀಖ್ ಶೈಲಿಯಲ್ಲಿ ಶಬ್ದದ ಅಸ್ಥಿಪಂಜರವನ್ನು ಕಲಮು ಎತ್ತದೆ ಮುಗಿಸಿ, ಮೇಲಿನ ಕೆಳಗಿನ ಚುಕ್ಕೆಗಳನ್ನು ಆಮೇಲೆ ಇಡಬೇಕು. ಅಕ್ಷರದ ಎತ್ತರ ಅಗಲವನ್ನು ಅಳೆಯುವುದೂ ಕಲಮಿನ ಮೊನೆಯ ಚುಕ್ಕೆಯಿಂದಲೇ. ಉರ್ದು ಮಕ್ಕಳ ಅಭ್ಯಾಸ ಸಾಂಪ್ರದಾಯಿಕವಾಗಿ ಜೇಡಿ ಬಳಿದ ತಖ್ತಿಯ ಮೇಲೆ. ಸವಣೂರು 1948ರವರೆಗೂ ಪ್ರತ್ಯೇಕ ಸಂಸ್ಥಾನವಾಗಿಯೇ ಇತ್ತು. ಅದೇ ಊರಿನಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ಬೃಂದಾವನವಿದೆ. ಸಂಸ್ಕೃತದ ಪೋಥಿಗಳಿಗೆ ಅಲ್ಲಿ ನಾಗರಿ. ಒಂದೇ ಪೇಟೆಯಲ್ಲಿ ತಲೆಗೆರೆ ಮೊದಲು ಬರೆಯುವವನು, ಕೊನೆಗೆ ಬರೆಯುವವನು, ತಲೆಗೆರೆಯೇ ಇಲ್ಲದೆ ಚುಕ್ಕೆ ಇಡುವವನು, ತಲೆಕಟ್ಟಿನಲ್ಲಿ ಸ್ವರ ಹೇಳುವವನು ಎಲ್ಲರೂ ಇದ್ದರು.

ಇಂಗ್ಲಿಷರು ಬಂದ ಮೇಲೆ ಮೊದಲು ಗೆದ್ದದ್ದು ಮರಾಠಿ. ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು, ಸರ್ಕಾರಿ ಸಾಲಿಗಳೂ ಮರಾಠಿಯಲ್ಲೇ ಶುರುವಾದವು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಕನ್ನಡ ಸಾಲಿಗಳ ಪರ ನಿಂತರು, 1830ರ ದಶಕದಲ್ಲಿ ಅವು ತಲೆಯೆತ್ತಿದವು. ಎಲಿಯಟ್ಟರ ಇನ್ನೊಂದು ಕೆಲಸವೂ ಕೈಬರಹಕ್ಕೆ ಸೇರಿದ್ದು. ಈ ಭಾಗದ ಶಾಸನಗಳನ್ನು ಲಿಪಿಕಾರರಿಂದ ನಕಲು ಮಾಡಿಸಿ 595 ಪಾಠಗಳ ಸಂಗ್ರಹ ಮಾಡಿದರು. ಹಳಗನ್ನಡದ ಅಕ್ಷರವನ್ನು ತಮ್ಮ ಕಾಲದ ಗೆರೆಕ್ರಮದಲ್ಲಿ ಓದಿದ ಲಿಪಿಕಾರರ ಕೈ ಕೆಲವೊಮ್ಮೆ ತಪ್ಪಿತು; ಮುಂದೆ ಫ್ಲೀಟ್ ಶಾಸನದ ಮೇಲೆ ಕಾಗದ ಒತ್ತಿ ತೆಗೆದ ಮಸಿಪಡಿಗಳನ್ನೇ ಆಧಾರ ಮಾಡಿಕೊಂಡರು.

ಕನ್ನಡ ಸಾಲಿಗಳನ್ನು ಹಳ್ಳಿಗೆ ಮುಟ್ಟಿಸಿದ ಹೆಸರು ಡೆಪ್ಯೂಟಿ ಚನ್ನಬಸಪ್ಪನವರದು. 1860ರ ದಶಕದಲ್ಲಿ ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ, ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಅವರು ಮಾಸ್ತರರ ಒಂದು ಪೀಳಿಗೆಯನ್ನೇ ತಯಾರು ಮಾಡಿದರು. ಮಾಸ್ತರರಿಗೆಂದೇ 1865ರಲ್ಲಿ ‘ಮಠಪತ್ರಿಕೆ’ ಹೊರಟಿತು. ಮುಲ್ಕಿ ಪರೀಕ್ಷೆ ಪಾಸಾದವನಿಗೆ ಸಾಲಿಯ ನೌಕರಿ. ಶಿಗ್ಗಾವಿ ತಾಲೂಕಿನ ಶಿಶುನಾಳದ ಷರೀಫರು (1819–1889) ತತ್ವಪದಕಾರರಾಗಿ ಹೆಸರಾಗುವ ಮೊದಲು ಮುಲ್ಕಿ ಮುಗಿಸಿ ಹಳ್ಳಿಗಳಲ್ಲಿ ಮಾಸ್ತರಿಕೆ ಮಾಡಿದವರು. ಅವರ ಗುರು ಕಳಸದ ಗೋವಿಂದಭಟ್ಟರು. ಆ ಕಾಲದ ಮಾಸ್ತರರ ದಿನಚರಿಯಲ್ಲಿ ತಿದ್ದಿಸುವ ಕೆಲಸಕ್ಕೇ ದೊಡ್ಡ ಪಾಲು.

ಹೊಸ ಸಾಲಿಯ ಜೊತೆ ಪಾಟಿ ಬಂತು, ಮಸಿಯಲ್ಲಿ ಅದ್ದಿ ಬರೆಯುವ ಟಾಕು, ದೌತಿ ಬಂದವು, ಎರಡು ಗೆರೆಯ ನಡುವೆ ಬರೆಯುವ ಕಾಪಿ ಬಂತು. ಪಾಟಿಯ ಮೇಲೆ ಮಾಸ್ತರರು ಬರೆದ ಅಕ್ಷರದ ಮೇಲೆಯೇ ಮಗು ಮತ್ತೆ ಮತ್ತೆ ಬಳಪ ಆಡಿಸಿ ಗೆರೆ ದಪ್ಪ ಮಾಡುತ್ತದೆ. ಕಾಪಿಯಲ್ಲಿ ಮೇಲಿನ ಸಾಲು ಅಚ್ಚಿನದು, ಕೆಳಗಿನವು ಮಗುವಿನವು. ಮೊದಲ ಸಾಲು ಮೇಲ್ಪಂಕ್ತಿಯನ್ನು ನೋಡಿ ಬರೆದದ್ದು, ಉಳಿದವೆಲ್ಲ ತನ್ನದೇ ಹಿಂದಿನ ಸಾಲನ್ನು ನೋಡಿ ಬರೆದವು. ಕೆಳಗೆ ಇಳಿದಂತೆ ಅಕ್ಷರ ಕೆಡುತ್ತ ಹೋಗುವುದು ಅದಕ್ಕೇ. ಟಾಕಿನ ಮೊನೆ ಕೆಳಮುಖವಾಗಿ ಎಳೆದಾಗ ಅಗಲವಾಗುತ್ತದೆ, ಮೇಲ್ಮುಖವಾಗಿ ನೂಕಿದರೆ ಕಾಗದ ಕೆದರಿ ಮಸಿ ಚಿಮ್ಮುತ್ತದೆ. ಹೀಗಾಗಿ ಸುತ್ತು ಯಾವ ದಿಕ್ಕಿಗೆ ಹೊರಡಬೇಕೆಂಬುದನ್ನು ಟಾಕೇ ಕಲಿಸುತ್ತಿತ್ತು. ಬಾಲ್‌ಪೆನ್ನಿಗೆ ಯಾವ ದಿಕ್ಕಾದರೂ ಒಂದೇ. ಅಕ್ಷರ ಕೆಟ್ಟಿತೆಂದು ಹಿರಿಯ ಮಾಸ್ತರರು ಬಾಲ್‌ಪೆನ್ನನ್ನು ಬೈದದ್ದರಲ್ಲಿ ಹಟಕ್ಕಿಂತ ಅನುಭವ ಹೆಚ್ಚಿತ್ತು.

ಅಚ್ಚು ಅಕ್ಷರದ ಆಕಾರವನ್ನು ನಿಲ್ಲಿಸಿತು, ಕ್ರಮವನ್ನು ಮರೆಮಾಡಿತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಿಂದ ಕನ್ನಡ ಅಚ್ಚು ಹಾಕಿತು. ಅಚ್ಚಿನ ಮೊಳೆಯಲ್ಲಿ ಒಡಲೂ ತಲೆಕಟ್ಟೂ ಒಮ್ಮೆಲೇ ಬೀಳುತ್ತವೆ, ಅದನ್ನು ನೋಡಿ ಕಲಿತವನಿಗೆ ಮೊದಲು ಯಾವುದೆಂದು ತಿಳಿಯುವುದಿಲ್ಲ. ಅಂಕಲಿಪಿಯಲ್ಲೂ ಅಕ್ಷರಗಳ ಸರದಿ ನಾದದ್ದೇ ಆಗಿ ಉಳಿಯಿತು: ಗಂಟಲಿಂದ ತುಟಿಯವರೆಗೆ ವರ್ಗಗಳು. ವ್ಯಾಕರಣಕ್ಕೆ ಅದು ಚೆಂದ, ಮಗುವಿನ ಬೆರಳಿಗೆ ಬಿರುಸು. ಏಕೆಂದರೆ ವ್ಯಂಜನಕ್ಕೆ ಬರುವ ಮೊದಲೇ, ಸ್ವರಗಳ ನಡುವೆ ‘ಋ’ ಎದುರಾಗುತ್ತದೆ.

ಸರದಿಯನ್ನು ಕೈಯ ಅನುಕೂಲಕ್ಕೆ ತಿರುಗಿಸಿದ್ದು ನಲಿ-ಕಲಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ 1995ರಲ್ಲಿ ಶುರುವಾದ ಈ ಪದ್ಧತಿ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಮಗು ಮೊದಲು ಕಲಿಯುವ ಗುಂಪು ರ, ಗ, ಸ, ದ, ಅ. ಬೆನ್ನಿಗೆ ಜ, ವ, ಮ, ಬ, ನ. ‘ವ’ ಬಂದ ಕೈಗೆ ಬಲಗಡೆ ಒಂದು ಸುತ್ತು ಸೇರಿಸಿದರೆ ‘ಮ’. ಈ ಐದೈದು ಅಕ್ಷರಗಳಿಂದಲೇ ಗರ, ರಸ, ಸರ, ಅರಸ, ದನ, ಮರ ಎಂಬ ಮಾತುಗಳು ಹೊರಡುವುದರಿಂದ ಮಗು ಬರೆದದ್ದನ್ನು ಆಗಲೇ ಓದಬಹುದು. ವರ್ಣಮಾಲೆ ಗೊತ್ತಿಲ್ಲದೆ ಮಕ್ಕಳು ಮುಂದಿನ ತರಗತಿಗೆ ಹೋಗುತ್ತಾರೆ ಎಂಬ ಪಾಲಕರ ದೂರು ಇದರ ಹಿಂದೆಯೇ ಬಂತು. ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು, ಶಬ್ದಕೋಶ ತೆರೆಯಲು ವರ್ಣಮಾಲೆಯ ಸರದಿಯೇ ಬೇಕು.

ಗೆರೆಯೇ ಇಲ್ಲದ ಬರಹಕ್ಕೂ ಈ ಸೀಮೆಯ ನಂಟಿದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಪಂಚಾಕ್ಷರ ಗವಾಯಿಗಳು, ದೇವಗಿರಿಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರಿಗೂ ಕಣ್ಣಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತದ ಜೊತೆ ಬ್ರೈಲ್ ಬರಹಕ್ಕೂ ಜಾಗ ಸಿಕ್ಕಿತು. ಪುಟ್ಟರಾಜರು ಬ್ರೈಲ್‌ನಲ್ಲೂ ಕೃತಿ ಸಿದ್ಧಪಡಿಸಿದರು. ಆರು ಚುಕ್ಕೆಯ ಈ ಲಿಪಿಯನ್ನು ಮೊನೆಯಿಂದ ಚುಚ್ಚುವಾಗ ಕಾಗದದ ಬೆನ್ನಿನ ಕಡೆಯಿಂದ, ಬಲದಿಂದ ಎಡಕ್ಕೆ, ಕನ್ನಡಿಯ ಪಡಿಯಂತೆ ಬರೆಯಬೇಕು. ತಿರುಗಿಸಿ ಮುಟ್ಟಿದಾಗ ಎಡದಿಂದ ಬಲಕ್ಕೆ ಓದಿಗೆ ಬರುತ್ತದೆ. ಇಲ್ಲಿ ಕ್ರಮ ತಪ್ಪಿದರೆ ಅಕ್ಷರ ಕುರೂಪವಾಗುವುದಿಲ್ಲ, ಬೇರೆ ಅಕ್ಷರವೇ ಆಗುತ್ತದೆ.

ತಹಶೀಲ್ದಾರ ಕಚೇರಿಗಳ ಟೈಪ್‌ರೈಟರಿನಲ್ಲಿ ಕೈಬರಹದ ಕ್ರಮ ಇನ್ನೂ ಉಳಿದಿತ್ತು. ಕೆ. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯಲ್ಲಿ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸಬೇಕಿತ್ತು. ಅರ್ಕಾವೊತ್ತು ಕೈಬರಹದಂತೆ ವ್ಯಂಜನದ ನಂತರವೇ ಬೀಳುತ್ತಿತ್ತು. ಕಂಪ್ಯೂಟರಿಗೆ ಕೆ. ಪಿ. ರಾವ್ ಅಳವಡಿಸಿದ, ಮುಂದೆ ನುಡಿ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೆ ಹೋದ ಕೀಲಿವಿನ್ಯಾಸ ನಾದವನ್ನು ಹಿಂಬಾಲಿಸುತ್ತದೆ, ಯುನಿಕೋಡ್ ಕೂಡ ಅಕ್ಷರಗಳನ್ನು ಅದೇ ಕ್ರಮದಲ್ಲಿ ಕೂಡಿಡುತ್ತದೆ. ಅಲ್ಲಿ ‘ಕರ್ಮ’ ಎಂದು ಒತ್ತುವವನು ರಕಾರವನ್ನು ಮೊದಲು, ಮಕಾರವನ್ನು ಆಮೇಲೆ ಒತ್ತುತ್ತಾನೆ. ಅರ್ಕಾವೊತ್ತನ್ನು ಅದರ ಜಾಗದಲ್ಲಿ ಇಡುವ ಕೆಲಸ ತಂತ್ರಾಂಶದ್ದು. ಗುಡಿಸು ಬಂದಾಗ ತಲೆಕಟ್ಟನ್ನು ತೆಗೆಯುವುದೂ ಅದೇ.